ಸಮುದ್ರಕ್ಕೆ ಮುಖ ಮಾಡಿದ ಚಪ್ಪಲಿ

ಮೈನಸ್ ಒಂಬತ್ತು ಎಂದರೆ ಏನೆಂದು ಕಣ್ಣು ಚೆನ್ನಾಗಿರುವವರಿಗೆ ತಿಳಿಯುವುದಿಲ್ಲ, ತಿಳಿಸಲು ಹೋಗಿ ಪ್ರಯೋಜನವೂ ಇಲ್ಲ. ಕನ್ನಡಕ ತೆಗೆದರೆ ಹೆಂಡತಿಯ ಮುಖ ಬರೀ ಮಬ್ಬು, ಗೋಡೆಯ ಗಡಿಯಾರ ಒಂದು ಬಿಳಿ ಬಿಲ್ಲೆ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಊರವರಿಗೆಲ್ಲ ಗಾಜು ಉಜ್ಜಿ ಕೊಡುತ್ತಿದ್ದ ಈ ಮನುಷ್ಯ ತನ್ನ ಕಣ್ಣಿಗೆ ಮಾತ್ರ ಏನೂ ಮಾಡಿಕೊಳ್ಳಲಾಗದೆ ಅಂಗಡಿಯವರ ಬಾಯಲ್ಲಿ ಸೋಡಾಬುಡ್ಡಿಯಾಗಿದ್ದ. ಆ ಹೆಸರಿಗೆ ಸಿಟ್ಟಾಗುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು.

ಹೆಂಡತಿ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್. ರೋಗಿಗಳ ಚಪ್ಪಲಿಯನ್ನು ಮಂಚದ ಬಲಗಡೆ, ಮೂತಿ ಹೊರಗೆ ಮಾಡಿ ಜೋಡಿಸಿಡುವುದು ಅವಳ ಕೈಗೆ ಅಂಟಿಕೊಂಡ ಅಭ್ಯಾಸ. ಎದ್ದವರು ತಡಕಾಡದೆ ಕಾಲು ತೂರಿಸಿದರೆ ಸಾಕು. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಗಂಡ ಎಲ್ಲೆಂದರಲ್ಲಿ ಬಿಸಾಕಿದ ಚಪ್ಪಲಿಯನ್ನು ಬೈಯುತ್ತಲೇ ಎತ್ತಿ, ತಿರುಗಿಸಿ, ಬಲಗಡೆ ಇಡುತ್ತಿದ್ದಳು. ಇಪ್ಪತ್ತೆರಡು ವರ್ಷ ಅವನು ಬೆಳಿಗ್ಗೆ ಕನ್ನಡಕ ಹುಡುಕುವ ಮೊದಲೇ ಕಾಲನ್ನು ಬಲಕ್ಕೆ ಚಾಚಿ ಚಪ್ಪಲಿ ಮೆಟ್ಟಿದ್ದಾನೆ. ಬಚ್ಚಲಲ್ಲಿ ಸೋಪು ಸಿಗದೆ ಗಾಳಿಯಲ್ಲಿ ಕೈಯಾಡಿಸುತ್ತ ನಿಂತರೆ ಅವಳು ಹೊರಗಿನಿಂದಲೇ ಹೇಳುವಳು, "ಬಲಗಡೆ ರೀ, ಇನ್ನೂ ಸ್ವಲ್ಪ ಬಲಕ್ಕೆ." ಮಕ್ಕಳಿಲ್ಲದ ಆ ಸಂಸಾರ ನಡೆದದ್ದೇ ಈ ಬಲಗಡೆಯ ಮೇಲೆ.

ಇಂಥವನಿಗೆ ಅಲೆಯ ಮೇಲೆ ನಿಲ್ಲುವ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಊಟದ ಬಿಡುವಿನಲ್ಲಿ ಸರ್ಫಿಂಗ್ ವಿಡಿಯೊ ನೋಡಿ ನೋಡಿ, "ಐವತ್ತು ತುಂಬೋದ್ರೊಳಗೆ ಒಂದ್ಸಲ ನೀರಿನ ಮೇಲೆ ನಿಲ್ತೀನಿ" ಎಂದು ಅಂಗಡಿಯಲ್ಲೆಲ್ಲ ಕೊಚ್ಚಿಕೊಂಡ. ಕೊಚ್ಚಿಕೊಂಡ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ರಜೆ ಹಾಕಿ ಇಬ್ಬರೂ ಸಮುದ್ರದ ಊರಿಗೆ ಬಂದರು. ನಾಲ್ಕು ಜನರ ಎದುರು ಬೀಳುವುದು ಬೇಡವೆಂದು ಹೆಂಡತಿಯೇ ಅವನೊಬ್ಬನಿಗೇ ಒಂದು ಪಾಠ ಗೊತ್ತುಮಾಡಿದಳು. "ನೀವು ಹೋಗಿ. ನಾನು ಜನ್ಮಕ್ಕೆ ಸಾಕಾಗೋ ಅಷ್ಟು ನಿದ್ದೆಗೆಟ್ಟಿದೀನಿ. ಎಂಟಕ್ಕೆ ಒಣ ಟವೆಲ್ ತಗೊಂಡು ಬರ್ತೀನಿ" ಎಂದು ಮುಸುಕೆಳೆದುಕೊಂಡಳು.

ಬೆಳಗಿನ ಆರೂವರೆ. ದಡದಲ್ಲಿ ತಗಡಿನ ಶೆಡ್ಡು, ಒಳಗೆ ಒರಗಿಸಿಟ್ಟ ಹಲಗೆಗಳು, ಒಂದು ಸ್ಟೌ, ಗೋಡೆಗೆ ಕಿತ್ತಲೆ ಬಣ್ಣದ ಬನಿಯನ್ ತೊಟ್ಟ ಯುವಕನ ಫೋಟೊ. ಕಲಿಸುವವಳು ನಲವತ್ತು ದಾಟಿದ ಹೆಂಗಸು, ಬಿಸಿಲಿಗೆ ಸುಟ್ಟ ಮೈ, ನಗು ಕಮ್ಮಿ. ಮೊದಲು ಮರಳಿನ ಮೇಲೆ ಹಲಗೆ ಹಾಕಿ, ಮಲಗಿಸಿ, ಎದ್ದು ನಿಲ್ಲಿಸಿ, ಮತ್ತೆ ಮಲಗಿಸಿ, ಇಪ್ಪತ್ತು ಸಲ ಅವನ ಸೊಂಟ ಮುರಿದಳು. ಆಮೇಲೆ ನೀರಿನ ಅಂಚಿನ ಬಳಿ ಕಟ್ಟಿದ್ದ ಹಗ್ಗದ ಹತ್ತಿರ ಕರೆದೊಯ್ದಳು.

"ಇಲ್ಲಿ ನಮ್ದೊಂದು ಪದ್ಧತಿ ಇದೆ ಸರ್. ನೀರಿಗಿಳಿಯೋರು ಚಪ್ಪಲಿನ ಈ ಹಗ್ಗದ ಪಕ್ಕ ಬಿಡ್ಬೇಕು, ಮೂತಿ ಸಮುದ್ರದ ಕಡೆಗೆ. ಎದ್ದು ಬಂದೋರು ತಮ್ಮದನ್ನ ದಡದ ಕಡೆ ತಿರುಗಿಸಿ ಹಾಕ್ಕೋಬೇಕು. ಒಳಗೆ ಎಷ್ಟು ಜನ ಇದಾರೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಬೇರೆಯವರದ್ದನ್ನ ಮಾತ್ರ ಮುಟ್ಟಬೇಡಿ."

ಒಳ್ಳೆಯ ಪದ್ಧತಿ ಎಂದುಕೊಂಡ. ಅಂಗಡಿಯಲ್ಲೂ ಅಷ್ಟೆ, ಯಾರ ಗಾಜು ಯಾವ ತಟ್ಟೆಯಲ್ಲಿದೆ ಎಂಬುದು ತಪ್ಪಿದರೆ ಇಡೀ ದಿನ ಎಡವಟ್ಟು. ಹಗ್ಗದ ಬಳಿ ಆಗಲೇ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಸಮುದ್ರಕ್ಕೆ ಮುಖ ಮಾಡಿ ಕೂತಿತ್ತು. ಅವನದೂ ನೀಲಿಯೇ, ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡದ್ದು.

"ಇದು ಯಾರದು?"

"ನನ್ನ ತಮ್ಮಂದು. ಇನ್ನೂ ಬಂದಿಲ್ಲ."

ಬೆಳಗಾಗುವ ಮೊದಲೇ ಇಳಿದಿರಬೇಕು, ಗಟ್ಟಿಗ ಎಂದುಕೊಂಡು ತನ್ನ ಜೊತೆಯನ್ನು ಅದರ ಬಲಪಕ್ಕಕ್ಕೆ ಬಿಟ್ಟ. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟ, ಅವಳು ಅದನ್ನು ಶೆಡ್ಡಿನಲ್ಲಿಟ್ಟು ಬಂದಳು. ಲೋಕ ಕರಗಿ ಎರಡೇ ಬಣ್ಣವಾಯಿತು, ಮೇಲೆ ಬೂದಿ, ಕೆಳಗೆ ಹಸಿರು.

ನೀರಿನಲ್ಲಿ ಅವಳು ಹಲಗೆಯ ಹಿಂದೆ ನಿಂತು ತಳ್ಳುವಳು, "ಏಳಿ" ಎನ್ನುವಳು, ಇವನು ಏಳುವ ಮೊದಲೇ ಬೀಳುವನು. ಮೂಗು, ಕಿವಿ, ಗಂಟಲು, ಎಲ್ಲ ಕಡೆ ಉಪ್ಪು. ನಾಲ್ಕನೆಯ ಸಲ ಮೇಲೆದ್ದಾಗ ಇನ್ನೂ ಮುಂದೆ, ಎದೆಮಟ್ಟ ನೀರಿನಲ್ಲಿ, ಕಿತ್ತಲೆ ಬಣ್ಣದ ಒಂದು ಚುಕ್ಕೆ ಕಂಡಿತು. ಮನುಷ್ಯಾಕಾರದ ಮಬ್ಬು, ಅಲೆ ಬಂದರೂ ಮೇಲೆ ಕೆಳಗೆ ಆಗುತ್ತಿರಲಿಲ್ಲ.

"ನಿಮ್ಮ ತಮ್ಮ ಅಲ್ವಾ ಅದು?"

ಅವಳು ಹಲಗೆ ಬಿಟ್ಟು ಅತ್ತ ತಿರುಗಿದಳು. "ನಿಮಗೆ ಕಾಣುತ್ತಾ?" ಎಂದಳು. ಇವನು ಹೂಂ ಎಂದು ಮತ್ತೆ ಹಲಗೆ ಹತ್ತಿದ.

ಪ್ರತಿ ಬಾರಿ ಬಿದ್ದೇಳುವಾಗಲೂ ಆ ಚುಕ್ಕೆ ಇನ್ನಷ್ಟು ಹತ್ತಿರವಿತ್ತು. ಒಂಬತ್ತನೆಯ ಅಲೆಗೆ ತಳ್ಳಿದ ಕೈಗಳು ಎರಡಲ್ಲ, ನಾಲ್ಕು ಎನ್ನಿಸಿತು. "ಏಳಿ" ಎಂದದ್ದು ಹೆಣ್ಣಿನ ದನಿಯೊಂದೇ ಆಗಿರಲಿಲ್ಲ. ಅವನು ಎದ್ದ. ಮೊಣಕಾಲು ಬಗ್ಗಿಸಿ, ಕೈ ಚಾಚಿಕೊಂಡು, ಅಲೆಯ ಮೇಲೆ ನಿಂತೇ ದಡದವರೆಗೂ ಬಂದ. ಸೋಡಾಬುಡ್ಡಿ ನೀರಿನ ಮೇಲೆ ನಿಂತ, ನೋಡಲು ಅಂಗಡಿಯವರು ಒಬ್ಬರೂ ಇರಲಿಲ್ಲ. ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು.

ಆ ಖುಷಿಯಲ್ಲೇ ತಪ್ಪಾಯಿತು. ಕಣ್ಣು ಕಾಣದೆ ಹಗ್ಗದವರೆಗೆ ತಡವಿಕೊಂಡು ಬಂದವನು ಇಪ್ಪತ್ತೆರಡು ವರ್ಷದ ರೂಢಿಯಂತೆ ಕಾಲನ್ನು ಬಲಕ್ಕೆ ಚಾಚಿದ. ಸಮುದ್ರಕ್ಕೆ ಮುಖ ಮಾಡಿ ನಿಂತಾಗ ತಾನು ಬಲಕ್ಕೆ ಬಿಟ್ಟದ್ದು ಸಮುದ್ರದಿಂದ ಬರುವವನಿಗೆ ಎಡಕ್ಕೆ ಬೀಳುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಬಲಕ್ಕೆ ಸಿಕ್ಕ ನೀಲಿ ಜೊತೆಯನ್ನು ಕಾಲಲ್ಲೇ ತಿರುಗಿಸಿ ಮೆಟ್ಟಿದ. ಕಲಿಸುವವಳು ಹಿಂದೆಯೇ ಬರುತ್ತಿದ್ದಳು. ನೋಡಿದಳು, ಆದರೆ ಬಾಯಿ ಬಿಡಲಿಲ್ಲ.

ಶೆಡ್ಡಿಗೆ ಹೋಗಿ ಕನ್ನಡಕ ಹಾಕಿಕೊಂಡ. ತಲೆ ಗಿರ್ರೆಂದು ತಿರುಗಿ ಕಣ್ಣಿಗೆ ಚುಚ್ಚಿದಂತಾಯಿತು. ತೆಗೆದ. ತೆಗೆದ ಕೂಡಲೇ ದೂರದಲ್ಲಿ ನಿಂತ ಹಡಗಿನ ಪಕ್ಕೆಯ ಮೇಲಿನ ಅಕ್ಷರಗಳು, ತಗಡಿನ ಮೇಲಿನ ತುಕ್ಕು, ಅವಳ ರೆಪ್ಪೆಯಲ್ಲಿ ಅಂಟಿದ ಉಪ್ಪಿನ ಕಾಳು, ಎಲ್ಲ ಕಂಡಿತು. ಹುಟ್ಟಿದಾಗಿನಿಂದ ಹಾಗೆ ಕಂಡಿರಲಿಲ್ಲ. ಗಾಜಿನವನಾದ್ದರಿಂದ ಅವನಿಗೆ ಒಂದು ವಿಷಯ ಗೊತ್ತಿತ್ತು, ಮೈನಸ್ ಒಂಬತ್ತು ಒಂದು ಗಂಟೆಯಲ್ಲಿ ವಾಸಿಯಾಗುವುದಿಲ್ಲ. ಹಾಗಾದರೆ ಈ ಕಣ್ಣು ಯಾರದು?

ಕೈ ನೋಡಿಕೊಂಡ. ಗಾಜು ಉಜ್ಜಿ ಉಜ್ಜಿ ಹೆಬ್ಬೆರಳಿನಲ್ಲಿ ಬಿದ್ದಿದ್ದ ಗಟ್ಟಿ ಗಂಟು ಇರಲಿಲ್ಲ. ಎಳೆಯ ಕೈ, ಅಂಗೈಯಲ್ಲಿ ಉದ್ದದ ಹಳೆಯ ಗಾಯದ ಗುರುತು. ಎದೆಯ ಮೇಲೆ ಕಿತ್ತಲೆ ಬಣ್ಣ. ಅವನ ಬಾಯಿ ಅವನನ್ನು ಕೇಳದೆಯೇ ಆಡಿತು.

"ಅಕ್ಕಾ, ಟೀ ಇದೆಯಾ?"

ಕಲಿಸುವವಳು ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಸ್ಟೌ ಹಚ್ಚಿದಳು. "ಹನ್ನೊಂದು ವರ್ಷ ಆಯ್ತಲ್ಲೋ" ಎಂದಳು. ಸಕ್ಕರೆ ಡಬ್ಬ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಮೂಲೆಯ ಹಲಗೆ ಯಾರು ಮುರಿದದ್ದೆಂದೂ ಗೊತ್ತಿತ್ತು. ಗಾಜು ಉಜ್ಜುವ ಯಂತ್ರದ ಸದ್ದು ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ. ಅವನಿಗೆ ಭಯವಾಯಿತು, ಆ ಭಯವೂ ಯಾರದೋ ಮನೆಯಿಂದ ಕೇಳಿಬರುವ ಮಾತಿನ ಹಾಗೆ ದೂರವಾಗುತ್ತ ಹೋಯಿತು.

ಆಗ ಮರಳಿನ ಮೇಲೆ ಟವೆಲ್ ಹಿಡಿದು ಒಬ್ಬ ಹೆಂಗಸು ಬಂದಳು. ಐವತ್ತರ ಹತ್ತಿರದವಳು, ಗಟ್ಟಿ ಹೆಜ್ಜೆ, ನಿದ್ದೆ ಇನ್ನೂ ಬಿಡದ ಕಣ್ಣು. ಅವಳ ಮುಖದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಕಂಡಿತು. ಯಾರೆಂದು ಮಾತ್ರ ತಿಳಿಯಲಿಲ್ಲ. ತಿಳಿಯಲೇಬೇಕಾದವಳು ಎಂದು ಒಳಗೆ ಎಲ್ಲೋ ಒಂದು ಚೂರು ಒದ್ದಾಡುತ್ತಿತ್ತು. ಆ ಚೂರು ಆರಿದರೆ ತಾನು ಮುಗಿದೆ ಎಂಬುದಷ್ಟೇ ಅವನಿಗೆ ಉಳಿದಿದ್ದ ತಿಳಿವಳಿಕೆ.

"ನಮ್ಮನೆಯವರು ಎಲ್ಲಿ?" ಎಂದು ಆಕೆ ಕೇಳಿದಳು, ಅವನನ್ನು ನೋಡಿಯೇ.

ಕಲಿಸುವವಳು ಲೋಟಕ್ಕೆ ಟೀ ಸೋಸಿದಳು. ಆಕೆ ಸಮುದ್ರದ ಕಡೆ ತಿರುಗಿದಳು. ಆಳದಲ್ಲಿ ಯಾರೋ ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದ. ಮುಳುಗುವವರು ಹಾಗೆ ಮಾಡುವುದಿಲ್ಲ. ಸೋಪು ಹುಡುಕುವವರು ಮಾಡುತ್ತಾರೆ.

"ಅಯ್ಯೋ ಈ ಮನುಷ್ಯ" ಎನ್ನುತ್ತ ಆಕೆ ಹಗ್ಗದವರೆಗೆ ಓಡಿದಳು. ಅಲ್ಲಿ ನೀಲಿ ಚಪ್ಪಲಿ ಸಮುದ್ರಕ್ಕೆ ಮುಖ ಮಾಡಿ ಬಿದ್ದಿತ್ತು. ಗಾಬರಿಯಲ್ಲೂ ಅವಳ ಕೈ ಸುಮ್ಮನಿರಲಿಲ್ಲ. "ಮುಟ್ಟಬೇಡಿ!" ಎಂದು ಶೆಡ್ಡಿನಿಂದ ಕೂಗು ಬಂತು. ಅಷ್ಟರಲ್ಲಿ ಬಗ್ಗಿ, ಬೈಯುತ್ತಲೇ, ಚಪ್ಪಲಿಯನ್ನು ದಡದ ಕಡೆ ತಿರುಗಿಸಿಬಿಟ್ಟಿದ್ದಳು.

ಅವನ ಬಾಯಿ ತುಂಬ ಉಪ್ಪುನೀರು. ಕಾಲಿಗೆ ನೆಲವಿಲ್ಲ, ಕಣ್ಣಿಗೆ ಬರೀ ಬೂದಿ ಮತ್ತು ಹಸಿರು. ತಡಕಾಡಿದ. ಏನೂ ಸಿಗಲಿಲ್ಲ. ಆಮೇಲೆ ದನಿ ಕೇಳಿತು, ಬಚ್ಚಲಿನ ಬಾಗಿಲಾಚೆಯಿಂದ ಕೇಳುವಂಥದೇ ದನಿ.

"ಬಲಗಡೆ ರೀ. ಇನ್ನೂ ಸ್ವಲ್ಪ ಬಲಕ್ಕೆ."

ಬಲಕ್ಕೆ ಕಾಲು ಬಡಿದ. ಮರಳು ಸಿಕ್ಕಿತು. ಮಬ್ಬು ಮುಖವೊಂದು ಓಡಿ ಬಂದು ತೋಳು ಹಿಡಿಯಿತು. ಅಷ್ಟು ಮಬ್ಬಿನಲ್ಲೂ ಅದು ಯಾರೆಂದು ತಕ್ಷಣ ಗೊತ್ತಾಗಿ, ಅವನು ನಾಚಿಕೆ ಬಿಟ್ಟು ಮಗುವಿನ ಹಾಗೆ ಅತ್ತ.

ಶೆಡ್ಡಿನಲ್ಲಿ ಟೀ ಲೋಟ ನೆಲಕ್ಕೆ ಬಿದ್ದಿತ್ತು. ಹಗ್ಗದ ಬಳಿ ಹಳೆಯ ನೀಲಿ ಜೊತೆ ಮತ್ತೆ ಸಮುದ್ರಕ್ಕೆ ಮುಖ ಮಾಡಿ ಕೂತಿತ್ತು. ಕಲಿಸುವವಳು ಕನ್ನಡಕ ತಂದು ಕೊಟ್ಟಳು.

"ನೋಡಿದೆ ಸರ್. ತಪ್ಪು ಜೊತೆ ಹಾಕ್ಕೊಂಡಿದ್ದು ನೋಡಿದೆ. ಹೇಳ್ಬೇಕಿತ್ತು, ಹೇಳ್ಲಿಲ್ಲ." ಸಮುದ್ರದ ಕಡೆ ತಿರುಗಿ, "ಟೀ ಕುಡೀಲಿಲ್ಲ ಅವನು" ಎಂದಳು.

ಬೈಯಬೇಕೆಂದು ಅವನು ಬಾಯಿ ತೆರೆದ, ಬೈಗುಳ ಬರಲಿಲ್ಲ. ಅವಳ ತಮ್ಮನ ಕಣ್ಣಿನಿಂದ ಅವಳನ್ನು ನೋಡಿದ ನೆನಪು ಇನ್ನೂ ಹಸಿಯಾಗಿತ್ತು. ಹೆಂಡತಿ ಮಾತ್ರ ಮನಸ್ಸಿಗೆ ಬಂದಷ್ಟು ಬೈದಳು.

ಮರುದಿನ ಬೆಳಿಗ್ಗೆಯೇ ರಜೆ ಮೊಟಕುಮಾಡಿ ಬಸ್ಸು ಹತ್ತಿದರು. ಬಸ್ಸು ದಡದ ರಸ್ತೆಯಲ್ಲಿ ರೈಲ್ವೆ ಗೇಟಿಗೆ ನಿಂತಿತು. ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು, ಹಗ್ಗವೂ ಕಾಣುತ್ತಿತ್ತು. ಹಗ್ಗದ ಬಳಿ ಸಮುದ್ರಕ್ಕೆ ಮುಖ ಮಾಡಿ ಒಂದೇ ಜೊತೆ ಚಪ್ಪಲಿ. ನೀಲಿಯದಲ್ಲ, ಕೆಂಪು ಪಟ್ಟಿಯ ಹೆಂಗಸರ ಚಪ್ಪಲಿ. ಶೆಡ್ಡಿನ ಬಾಗಿಲಲ್ಲಿ ಕಿತ್ತಲೆ ಬನಿಯನ್ನಿನ ಯುವಕ ನೀಲಿ ಚಪ್ಪಲಿ ಮೆಟ್ಟಿ, ಟೀ ಲೋಟ ಹಿಡಿದು ನಿಂತಿದ್ದ. ಹಬೆಯಾಡುವ ಟೀ. ತಮ್ಮನ ಚಪ್ಪಲಿ ದಡಕ್ಕೆ ತಿರುಗಿಸಿ, ತನ್ನದನ್ನು ಹಗ್ಗದ ಬಳಿ ಬಿಟ್ಟು, ಟೀಯನ್ನೂ ಅವಳೇ ಮಾಡಿಟ್ಟು ಹೋಗಿರಬೇಕು.

ಹೆಂಡತಿಯೂ ನೋಡಿದಳು. "ಹೋಗಿ ತಿರುಗಿಸಿ ಬರ್ತೀನಿ ರೀ" ಎಂದು ಎದ್ದಳು.

ಅವನು ಅವಳ ಕೈ ಹಿಡಿದ. "ಬೇಡ ಕಣೇ. ನೀನು ತಿರುಗಿಸಿದ್ರೆ ಅವಳು ಬರ್ತಾಳೆ, ಅವನು ಹೋಗ್ತಾನೆ. ಅದನ್ನ ನಾವು ಮಾಡೋದು ಬೇಡ."

"ಹಂಗಂತ ಮುಳುಗ್ತಿರೋರನ್ನ ನೋಡ್ತಾ ಕೂರೋದಾ?"

ಅವನು ಅವಳ ಕೈ ಬಿಡಲಿಲ್ಲ. ಯುವಕ ಟೀಯನ್ನು ಕೊನೆಯ ಗುಟುಕಿನವರೆಗೂ ಅವಸರವಿಲ್ಲದೆ ಕುಡಿದ. ಲೋಟ ತೊಳೆದು ಬೋರಲು ಹಾಕಿದ. ಹಗ್ಗದ ಬಳಿ ಬಂದು ತನ್ನ ನೀಲಿ ಚಪ್ಪಲಿ ಕಳಚಿ, ಮೂತಿ ಸಮುದ್ರದ ಕಡೆಗೆ ಮಾಡಿ, ನೀಟಾಗಿ ಜೋಡಿಸಿಟ್ಟ. ಆಮೇಲೆ ಬಗ್ಗಿ ಅಕ್ಕನ ಚಪ್ಪಲಿಯನ್ನು ದಡದ ಕಡೆ ತಿರುಗಿಸಿದ.

ಮರುಕ್ಷಣ ದಡದಲ್ಲಿ ಯಾರೂ ಇರಲಿಲ್ಲ. ನೀರಿನಿಂದ ಒಬ್ಬ ಹೆಂಗಸು ಎದ್ದು, ಬೀಳುತ್ತ ಏಳುತ್ತ ಬಂದಳು. ಅವಳ ಬಾಯಿ ತೆರೆದೇ ಇತ್ತು. ಕೂಗುತ್ತಿದ್ದಳೋ ಏನೋ, ರೈಲಿನ ಸದ್ದಿಗೆ ಏನೂ ಕೇಳಲಿಲ್ಲ.

ಗೇಟು ಎದ್ದಿತು. ಹೆಂಡತಿ ಸೀಟಿನ ಕೆಳಗೆ ಬಗ್ಗಿ ಅವನು ಕಳಚಿಟ್ಟಿದ್ದ ಚಪ್ಪಲಿಯನ್ನು ಕೈಗೆ ತೆಗೆದುಕೊಂಡಳು. ಊರು ಬರುವವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.