ಲಕ್ಕಣ್ಣನ ಪಥ್ಯ

ಜಕ್ಕೂರಿನ ಲಕ್ಕಣ್ಣ ಪಥ್ಯ ಮಾಡುವ ಆಸಾಮಿಯಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಇದ್ದರೂ ಉಪ್ಪಿನಕಾಯಿ ಇಲ್ಲದೆ ಮುದ್ದೆ ಮುರಿದವನಲ್ಲ. ಹೆಂಡತಿ ವೆಂಕಟಲಕ್ಷ್ಮಮ್ಮನೇ ಗದರಿಸಿ ಅವನನ್ನು ಯಲಹಂಕದ ಕ್ಲಿನಿಕ್ಕಿಗೆ ಕರೆತಂದಳು.

ಅಲ್ಲಿನ ಆಹಾರತಜ್ಞೆ ಮಂಜುಶ್ರೀ ಬಾಯಿಗೆ ಬಂದದ್ದನ್ನು ಹೇಳುವವಳಲ್ಲ. ಸಂಶೋಧನೆಗಳನ್ನು ಓದಿ, ಒಬ್ಬೊಬ್ಬರ ಊಟ ವಿಚಾರಿಸಿ, ಅವರವರಿಗೆ ತಕ್ಕ ಪಟ್ಟಿ ಬರೆದುಕೊಡುತ್ತಿದ್ದಳು. ಆದರೆ ಅಂದು ಹೊರಗೆ ಹನ್ನೊಂದು ಮಂದಿ ಕಾದಿದ್ದರು, ಲಕ್ಕಣ್ಣ ರಕ್ತದ ರಿಪೋರ್ಟು ತಂದಿರಲಿಲ್ಲ.

"ಮುಂದಿನ ಸಲ ತನ್ನಿ," ಎಂದು ಆಕೆ ಪಟ್ಟಿ ಬರೆದಳು. ಮೊದಲನೆಯದೇ, ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು. ಅದನ್ನು ತಿಂದವರಲ್ಲಿ ಲಕ್ವ ಹೊಡೆಯುವುದು ಕಡಿಮೆಯೆಂದು ದೊಡ್ಡ ಅಧ್ಯಯನವೊಂದು ಹೇಳಿತ್ತು.

"ಉಪ್ಪು ಬಿಡಿಸ್ತೀರಿ ಅಂತಿದ್ದೆ. ನೀವು ಉಪ್ಪೇ ಕೊಟ್ರಲ್ಲ ತಾಯಿ!" ಎಂದು ಲಕ್ಕಣ್ಣ ನಕ್ಕ.

ಐದು ವಾರದ ಮೇಲೆ ವೆಂಕಟಲಕ್ಷ್ಮಮ್ಮ ಒಬ್ಬಳೇ ಬಂದಳು.

"ಓದ ಸೋಮವಾರ ಓಗ್ಬಿಟ್ರು ಕಣಮ್ಮ. ಕಾಲಲ್ಲಿ ಸಕ್ತಿ ಇಲ್ಲ ಅಂದ್ರು, ಆಸ್ಪತ್ರೆಗೆ ಸೇರಿಸ್ದೊತ್ಗೆ ಎದೆ ನಿಂತೋಯ್ತು. ನಂಗೂ ಬಿ.ಪಿ. ಐತಲ್ಲ, ಆ ಉಪ್ಪನ್ನ ನಾನು ತಿನ್ಬೋದಾ?"

ಆಕೆ ತಂದಿದ್ದ ಆಸ್ಪತ್ರೆಯ ಕಾಗದವನ್ನು ಮಂಜುಶ್ರೀ ಬಿಡಿಸಿ ಓದಿದಳು. ಲಕ್ಕಣ್ಣನ ಮೂತ್ರಪಿಂಡಗಳು ಮೊದಲೇ ಸೋತಿದ್ದವು. ಅವು ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಮಿತಿಮೀರಿ ಎದೆಯನ್ನು ನಿಲ್ಲಿಸಿತ್ತು. ಮೂತ್ರಪಿಂಡ ಕೆಟ್ಟವರನ್ನು ಅಧ್ಯಯನಕ್ಕೇ ಸೇರಿಸಿಕೊಂಡಿಲ್ಲವೆಂಬ ಸಾಲನ್ನು ಅವಳು ಓದಿದ್ದಳು, ಅಡಿಗೆರೆಯನ್ನೂ ಎಳೆದಿದ್ದಳು.

ಒಳಗೆ ಹೋಗಿ ಕ್ಲಿನಿಕ್ಕು ನಡೆಸುವ ಡಾಕ್ಟರಿಗೆ ಕಾಗದ ತೋರಿಸಿದಳು. "ವಯಸ್ಸಾಗಿತ್ತು, ಶುಗರ್ ಇತ್ತು. ಅವ್ರಾಗೇ ಕೇಳ್ದೆ ನೀವ್ಯಾಕೆ ಬಾಯಿ ಬಿಡ್ತೀರಿ?" ಎಂದರು ಅವರು.

ಮಂಜುಶ್ರೀ ಹೊರಬಂದು ಎಲ್ಲವನ್ನೂ ಹೇಳಿಬಿಟ್ಟಳು.

ವೆಂಕಟಲಕ್ಷ್ಮಮ್ಮ ಆಸ್ಪತ್ರೆಯ ಕಾಗದವನ್ನು ವಾಪಸು ತೆಗೆದುಕೊಂಡು ಮಡಿಚಿದಳು. ಆಮೇಲೆ, "ಕಹಿ ಐತೆ, ಬೇಡ ಅಂತಿದ್ರು. ಡಾಕ್ಟ್ರಮ್ಮ ಏಳವ್ರೆ, ತೆಪ್ಪಗೆ ತಿನ್ನು ಅಂತ ನಾನೇ ಬೈದು ತಿನ್ನಿಸ್ದೆ," ಎಂದಳು.

"ತಪ್ಪು ನಂದಮ್ಮ. ರಿಪೋರ್ಟ್ ನೋಡ್ದೆ ನಾನು ಬರೀಬಾರ್ದಿತ್ತು."

"ಅದನ್ನೇ ಬರ್ಕೊಡಿ. ಮಗಳಿಗೆ ನನ್ ಬಾಯಿಂದ ಏಳಕ್ಕಾಗಲ್ಲ."

ಮಂಜುಶ್ರೀ ಬರೆದು ಸಹಿ ಹಾಕಿದಳು. ಕಾಗದ ಕೊಡುತ್ತಾ, "ನಿಮ್ ರಕ್ತ ಪರೀಕ್ಷೆ ಇವತ್ತೇ ಮಾಡಿಸೋಣ. ಅಲ್ಲೀವರ್ಗೂ ಆ ಉಪ್ಪು ಮುಟ್ಬೇಡಿ," ಎಂದಳು.

"ಮಾಡಿಸ್ತೀನಿ. ನಿಮ್ತಾವ ಬೇಡ."

ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಆಕೆಯ ತೋಳು ಹಿಡಿಯಲು ಮಂಜುಶ್ರೀ ಹೋದಳು. ಆಕೆ ಕೊಡವಿಕೊಂಡಳು. ಮರುದಿನ ಡಾಕ್ಟರು ಮಂಜುಶ್ರೀಗೆ ಕೆಲಸಕ್ಕೆ ಬರುವುದು ಬೇಡವೆಂದರು. ಅವಳು ಏಕೆಂದು ಕೇಳಲಿಲ್ಲ.