ನೀಲಿ ಚೌಕದ ಸುತ್ತು

ನನ್ನದು ಸುಮ್ಮನಿರುವ ಕೈ ಅಲ್ಲ. ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಎದುರಿಗೆ ಯಾರಾದರೂ ಸೂಜಿಗೆ ದಾರ ಪೋಣಿಸಲು ತಿಣುಕಿದರೆ ಸಾಕು, ಕಿತ್ತುಕೊಂಡು ನಾನೇ ಪೋಣಿಸಿ ಕೊಟ್ಟುಬಿಡುತ್ತೇನೆ. ಅಂಥವಳ ಕೈಗೆ ಸಿಕ್ಕವಳು ನನ್ನ ತಂಗಿ ಪುಟ್ಟಿ.

ಮೂರು ವರ್ಷದ ಹಿಂದೆ ನರದ ಕಾಯಿಲೆ ಬಂದು ಅವಳ ಎರಡೂ ಕೈ ನಡುಗತೊಡಗಿದವು. ಔಷಧಿ ಅಂಗಡಿಯಲ್ಲಿದ್ದ ಕೆಲಸ ಹೋಯಿತು. ಅಂದಿನಿಂದ ಅವಳ ತಲೆ ಬಾಚುವುದು, ಗುಂಡಿ ಹಾಕುವುದು, ತುತ್ತು ಕೊಡುವುದು ಎಲ್ಲಾ ನಾನೇ. "ನಾನೇ ಮಾಡ್ಕೋತೀನಿ ಬಿಡಕ್ಕ" ಅನ್ನುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ನಾನು ಗುಂಡಿ ಹಾಕಿ ಆಗಿರುತ್ತಿತ್ತು.

ಮನೆಯಲ್ಲೊಂದು ಟ್ಯಾಬ್ಲೆಟ್ ಕಂಪ್ಯೂಟರ್ ಇತ್ತು, ಅದರ ಗಾಜು ಅವಳ ಬೆರಳಿಗೆ ಒಗ್ಗಲಿಲ್ಲ. ಒಂದು ಕಡೆ ಮುಟ್ಟಲು ಹೋದರೆ ನಾಲ್ಕು ಕಡೆ ತಾಗಿ ಏನೇನೋ ತೆರೆದುಕೊಳ್ಳುತ್ತಿತ್ತು. ಕೊನೆಗೆ ಒಂದು ಕೀಬೋರ್ಡ್ ತರಿಸಿ ಜೋಡಿಸಿಕೊಂಡಳು. ಅದರ ಟ್ಯಾಬ್ ಕೀ ಒತ್ತಿದರೆ ತೆರೆಯ ಮೇಲೆ ನೀಲಿ ಚೌಕವೊಂದು ಒಂದು ಬಟನ್‌ನಿಂದ ಮುಂದಿನದಕ್ಕೆ ಸರಿಯುತ್ತದೆ. ಬೇಕಾದ ಕಡೆ ಅದು ನಿಂತಾಗ ಸ್ಪೇಸ್ ಒತ್ತಿದರೆ ಆಯಿತು, ಗಾಜು ಮುಟ್ಟುವ ತಾಪತ್ರಯವೇ ಇಲ್ಲ. ಆದರೆ ಏನು ನಿಧಾನ ಅಂತೀರಿ! ನೋಡುತ್ತ ಕೂತರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆಡಿದ ಮಾತು ಕೇಳಿ ಬರಹಕ್ಕಿಳಿಸುವ ಕೆಲಸವೊಂದಕ್ಕೆ ಅವಳು ಅರ್ಜಿ ಹಾಕಿದಳು. ಪರೀಕ್ಷೆ ಪಾಸಾದರೆ ಮನೆಯಿಂದಲೇ ಕೆಲಸ. ಪರೀಕ್ಷೆಯೂ ಮನೆಯಲ್ಲೇ, ಆದರೆ ಕೊಟ್ಟ ಹೊತ್ತಿನೊಳಗೆ ಬರೆದು ಸಲ್ಲಿಸಬೇಕು. ಕ್ಯಾಮೆರಾದ ಆಚೆ ಒಬ್ಬಾಕೆ ನೋಡುತ್ತಿರುತ್ತಾಳೆ. ಬೇರೆಯವರು ಟ್ಯಾಬ್ಲೆಟ್ ಮುಟ್ಟಿದರೆ ಪರೀಕ್ಷೆ ರದ್ದು, ಮತ್ತೆ ಅವಕಾಶವಿಲ್ಲ. ಇದನ್ನು ಪುಟ್ಟಿ ನನಗೆ ಎರಡು ಸಲ ಓದಿ ಹೇಳಿದಳು.

"ನೀನು ಆಚೆ ಕೂತ್ಕೋ ಅಕ್ಕ."

"ಮಧ್ಯದಲ್ಲಿ ನೀರು ಬೇಕು ಅಂದ್ರೆ? ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ, ಸುಮ್ನಿರು."

"ನನಗೆ ಭಯ ನಿನ್ನ ಬಾಯಿದಲ್ಲ ಕಣೇ" ಅಂದಳು. ನಾನು ನಕ್ಕುಬಿಟ್ಟೆ.

ಪರೀಕ್ಷೆ ಶುರುವಾಯಿತು. ಕೇಳಿಸಿದ ಮಾತನ್ನು ಒಂದೊಂದೇ ಅಕ್ಷರ ಕುಟ್ಟುತ್ತ ಬರೆದಳು. ರವಿಕೆಯ ಬೆನ್ನು ಬೆವರಿನಲ್ಲಿ ತೊಯ್ದುಹೋಯಿತು. ನಾನು ಅಲ್ಲಾಡದೆ ಕೂತಿದ್ದೆ, ದೇವರಾಣೆ. ಕೊನೆಯ ಸಾಲೂ ಮುಗಿಯಿತು. ಇನ್ನು 'ಸಲ್ಲಿಸಿ' ಒತ್ತುವುದಷ್ಟೇ ಬಾಕಿ. ಟ್ಯಾಬ್, ಟ್ಯಾಬ್, ಟ್ಯಾಬ್. ಚೌಕ 'ಸಲ್ಲಿಸಿ'ಯ ಮೇಲೆ ಬಂತು. ಅಷ್ಟರಲ್ಲಿ ಕೈ ನಡುಗಿ ಟ್ಯಾಬ್ ಇನ್ನೊಂದು ಸಲ ಒತ್ತಿಹೋಯಿತು. ಚೌಕ ಪುಟದ ತಲೆಗೆ ಹಾರಿತು. ಹಿಂದಕ್ಕೆ ಬರಲು ಎರಡು ಕೀ ಒಟ್ಟಿಗೆ ಹಿಡಿಯಬೇಕು, ಅದು ಅವಳಿಂದಾಗದು. ಪೂರ್ತಿ ಸುತ್ತು ಮತ್ತೆ ಬರಬೇಕು.

ಅವಳು ಮತ್ತೆ ಮೊದಲಿಂದ ಟ್ಯಾಬ್ ಒತ್ತತೊಡಗಿದಳು. 'ಸಲ್ಲಿಸಿ' ನನ್ನ ಕಣ್ಣೆದುರೇ ಇದೆ, ಗೇಣು ದೂರದಲ್ಲಿ. ಚೌಕ ಇನ್ನೂ ಅರ್ಧ ದಾರಿಯಲ್ಲಿ.

"ಅಯ್ಯೋ, ಇಲ್ಲೇ ಇದೆಯಲ್ಲೇ!" ಅಂದವಳೇ ಬೆರಳು ಚಾಚಿ ಒತ್ತಿಬಿಟ್ಟೆ.

ಟ್ಯಾಬ್ಲೆಟ್ಟಿನಿಂದ ಹೆಂಗಸಿನ ದನಿ ಬಂತು. "ಇನ್ನೊಬ್ಬರ ಕೈ ಕಾಣಿಸ್ತು. ಕ್ಷಮಿಸಿ, ಪರೀಕ್ಷೆ ರದ್ದು ಮಾಡ್ಲೇಬೇಕು."

"ತಾಯಿ, ಉತ್ತರ ಎಲ್ಲಾ ಅವಳದೇ! ನಾನು ಬಟನ್ ಒತ್ತಿದ್ದಷ್ಟೇ! ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಅಂಗಲಾಚಿದೆ. ಆಕೆ ಆಗಲೇ ಹೋಗಿದ್ದಳು.

ಪುಟ್ಟಿ ಅಳಲಿಲ್ಲ. ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

"ಇನ್ನೂ ಆರು ನಿಮಿಷ ಇತ್ತಲ್ಲಕ್ಕ" ಅಂದಳು. "ಚೌಕ ದಾಟಿಹೋಗತ್ತೆ ಅಂತ ಗೊತ್ತಿತ್ತು. ಎರಡು ಸುತ್ತಿಗೆ ಆಗೋಷ್ಟು ಹೊತ್ತು ಉಳಿಸ್ಕೊಂಡಿದ್ದೆ."

ತೆರೆಯ ಮೇಲೆ 'ಪರೀಕ್ಷೆ ರದ್ದಾಗಿದೆ' ಅಂತಿತ್ತು, ಕೆಳಗೆ 'ಸರಿ' ಅನ್ನುವ ಬಟನ್. ಅದು ಅವಳ ಕಣ್ಣಿಗೆ ಬೀಳುವುದು ಬೇಡ, ಮುಚ್ಚಿಬಿಡೋಣ ಅಂತ ನನ್ನ ಹಾಳು ಕೈ ಮತ್ತೆ ಮುಂದೆ ಹೋಯಿತು.

"ಅಕ್ಕ, ಇದೊಂದನ್ನಾದ್ರೂ ನಾನೇ ಒತ್ತಲಾ?"