ನನ್ನ ಬೆನ್ನ ಹಿಂದಿನ ಕಿಟಕಿ

ನಾನು ಒಂದು ಷೋಕೇಸು. ಹಾಗಂತ ಈಗಿನ ಪ್ಲೈವುಡ್ ಜಾತಿಯವನು ಅಂದುಕೊಳ್ಳಬೇಡಿ, ನಾನು ಅಪ್ಪಟ ತೇಗ! ಅರಸೀಕೆರೆಯ ಯಾಕೂಬ್ ಸಾಬರು ನನ್ನನ್ನು ಒಂದು ಬಳೆ ಅಂಗಡಿಗಾಗಿ ಮಾಡಿದರು. ಮೇಲೆ ಗಾಜಿನ ಗೂಡುಗಳು, ಕೆಳಗೆ ಬಾಗಿಲು. ನಡುವೆ ಸೊಂಟದೆತ್ತರಕ್ಕೆ ಮುಂದೆ ಚಾಚಿದ ಒಂದು ಗಟ್ಟಿ ಹಲಗೆ. ಹೆಂಗಸರು ಬಳೆ ತೊಡಿಸಿಕೊಳ್ಳುವಾಗ ಕೈ ಊರಲಿ ಅಂತ ಅದನ್ನು ಕೂರಿಸಿದ್ದು. ಅಲ್ಲಿ ಎಷ್ಟು ಮದುಮಕ್ಕಳ ಕೈ ನಡುಗಿದೆಯೋ, ಎಷ್ಟು ಬಸುರಿಯರ ಕೈ ಬೆಚ್ಚಗೆ ಕೂತಿದೆಯೋ, ನನಗೇ ಗೊತ್ತು.

ಅಂಗಡಿಯಲ್ಲಿ ನಾನು ಕಲಿತ ಪಾಠ ಒಂದೇ, ತುಂಬಿದ್ದರೆ ಚೆಂದ. ಡಜನ್ ಬಳೆ ಖರ್ಚಾದ ಕೂಡಲೇ ಆ ಜಾಗಕ್ಕೆ ಇನ್ನೊಂದು ಡಜನ್ ಬರುತ್ತಿತ್ತು. ಗೂಡು ಖಾಲಿಯಿದ್ದರೆ ಮೈಮೇಲೆ ಬಟ್ಟೆಯಿಲ್ಲದ ಹಾಗೆ ನನಗೆ ನಾಚಿಕೆ. ಮುಂದೆ ಅಂಗಡಿಯವರು ಕಬ್ಬಿಣದ ರ್‍ಯಾಕು ಹಾಕಿಸಿ, ನನ್ನನ್ನು ಡ್ರಿಲ್ ಮೇಷ್ಟ್ರು ರುದ್ರಮುನಿಯವರಿಗೆ ಮಾರಿಬಿಟ್ಟರು. ಮೇಷ್ಟ್ರು ಆಗತಾನೇ ಹೊಸ ಮನೆ ಕಟ್ಟಿಸಿದ್ದರು. ಹಾಲ್‌ನಲ್ಲಿ ಒಂದು ಗೋಡೆಗೆ ಟಿವಿ, ಇನ್ನೊಂದಕ್ಕೆ ದಿವಾನ. ನನಗೆ ಜಾಗ ಉಳಿದದ್ದು ಕಿಟಕಿಯ ಮುಂದೆ ಮಾತ್ರ. ಅಲ್ಲೇ ನಿಲ್ಲಿಸಿದರು. ಕಿಟಕಿ ಮುಚ್ಚಿಹೋಗಿ ಮಟಮಟ ಮಧ್ಯಾಹ್ನವೂ ಲೈಟು ಹಾಕುವ ಹಾಗಾಯಿತು. ನನಗೇನು, ಟ್ಯೂಬ್‌ಲೈಟಿನಲ್ಲಿ ಥಳಥಳ ಹೊಳೆಯುತ್ತಿದ್ದೆ!

ಗೃಹಪ್ರವೇಶಕ್ಕೆ ಬಂದವರು ಬರಿಗೈಲಿ ಬರುತ್ತಾರೆಯೇ? ಗಣಪತಿಗಳು, ಗೋಡೆ ಗಡಿಯಾರಗಳು, ರಾಧಾಕೃಷ್ಣ, ಪ್ಲಾಸ್ಟಿಕ್ ತಾಜಮಹಲು. ಮೇಷ್ಟ್ರ ಹೆಂಡತಿ ಗಂಗಾಂಬಿಕೆ ಒಂದನ್ನೂ ಒಳಗೆ ಎತ್ತಿಡಲಿಲ್ಲ. ಕೊಟ್ಟವರು ನಾಳೆ ಬಂದಾಗ ಕಾಣದಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ? ನನ್ನ ಗೂಡುಗಳೆಲ್ಲ ತುಂಬಿದವು, ಹಲಗೆಯ ಮೇಲೂ ಗಣಪತಿಗಳು ಸಾಲಾಗಿ ಕೂತರು. ಗೇಟು ಕಿರ್ರೆಂದರೆ ಸಾಕು, ಆಯಮ್ಮ ಬಾಗಿಲಿನಿಂದ ಬಗ್ಗಿ ನೋಡಿ ನನ್ನ ಹತ್ತಿರ ಓಡಿಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಅವರು ಕೊಟ್ಟ ಗಣಪತಿ ಮುಂದಿನ ಸಾಲಿಗೆ ಬಂದಿರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಉಡುಗೊರೆ ಮೇಷ್ಟ್ರ ಅಕ್ಕ ಶಿವನಾಗಮ್ಮನದು. ಕಡೂರಿನಿಂದ ತಂದಿದ್ದ ಪಿಂಗಾಣಿ ಹೂದಾನಿ, ಎದೆಮಟ್ಟ ಇತ್ತು. ಮೈಮೇಲೆ ಚಿನ್ನದ ಬಣ್ಣದ ನವಿಲು, ಬಾಯಿತುಂಬ ಬಟ್ಟೆಯ ಹೂ. ನನ್ನೊಳಗೆ ಹಿಡಿಸಲಿಲ್ಲವಲ್ಲ, ನನ್ನ ಪಕ್ಕದಲ್ಲಿ ರೂಮಿನಿಂದ ಹಾಲ್‌ಗೆ ಬರುವ ದಾರಿಗೇ ಇಟ್ಟರು. ಶಿವನಾಗಮ್ಮ ಬಾಯಿ ಜೋರು. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಆ ಹೂದಾನಿಯನ್ನೊಮ್ಮೆ ದುರುಗುಟ್ಟಿ ನೋಡಿಯೇ ಒಳಗೆ ಬರುತ್ತಿದ್ದರು. ಗಂಗಾಂಬಿಕೆ ಓಡಿಹೋಗಿ ಅದರ ಧೂಳು ಒರೆಸುತ್ತಿದ್ದರು.

ಹೀಗೇ ವರ್ಷಗಳು ಹೋದವು. ರಿಟೈರಾದ ಮೇಲೆ ಮೇಷ್ಟ್ರು ಸ್ಕೂಟರಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ದಿನಾ ಮನೆಯೊಳಗೇ ನಡೆಯಬೇಕು, ನಡೆಯದಿದ್ದರೆ ಕಾಲು ಕೂತುಹೋಗುತ್ತದೆ, ಇನ್ನೊಮ್ಮೆ ಮಾತ್ರ ಬೀಳಬಾರದು ಅಂತ ಡಾಕ್ಟರು ಹೇಳಿ ಕಳಿಸಿದರು. ಮೊದಲ ದಿನ ಮೇಷ್ಟ್ರು ವಾಕರ್ ಹಿಡಿದು ರೂಮಿನಿಂದ ಹೊರಟರು. ವಾಕರಿನ ಕಾಲು ಹೂದಾನಿಗೆ ತಗುಲಿತು. ವಾಲಿದರು. ನನ್ನ ಹಲಗೆ ಹಿಡಿಯಲು ಕೈ ಚಾಚಿದರೆ ಸಿಕ್ಕಿದ್ದು ಗಣಪತಿಗಳು! ದಡದಡ ಉರುಳಿದವು. ಗಂಗಾಂಬಿಕೆ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು. ಕೈ ಊರಲೆಂದೇ ಹುಟ್ಟಿದವನು ನಾನು, ಒಂದು ಕೈ ಹಿಡಿಯಲಾಗಲಿಲ್ಲ.

"ನನ್ನ ಕೈಲಾಗಲ್ಲ ಗಂಗಾ, ಬಿಟ್ಟುಬಿಡು" ಅಂದರು ಮೇಷ್ಟ್ರು. ಮೈದಾನದ ತುಂಬ ಮಕ್ಕಳನ್ನು ಓಡಿಸಿದ ಮನುಷ್ಯ ಮಂಚ ಬಿಟ್ಟು ಏಳಲೇ ಇಲ್ಲ.

ಸುದ್ದಿ ಕೇಳಿ ಮೈಸೂರಿನಿಂದ ಮಗಳು ಕೃಪಾ ಓಡಿಬಂದಳು. ಮನೆಗಳ ಒಳಾಂಗಣ ಅಂದಗೊಳಿಸುವುದೇ ಅವಳ ಕಸುಬು. ಹಾಲ್ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಸುತ್ತಲೂ ನೋಡಿ, "ಅಮ್ಮಾ, ಮನೆಗೆ ಮೊದಲು ದಾರಿ ಬೇಕು, ಆಮೇಲೆ ಸಾಮಾನು" ಅಂದಳು. "ಕಿಟಕಿ ಮುಂದೆ ಎತ್ತರದ್ದು ಇಡಬಾರದು, ತಗ್ಗಿನ ದಿವಾನ ಇರಲಿ. ಎಲ್ಲಾನೂ ಕಣ್ಣಿಗೆ ಬೀಳ್ಬೇಕು ಅಂದ್ರೆ ಯಾವುದೂ ಬೀಳಲ್ಲ. ಜಾಗ ಖಾಲಿ ಬಿಡೋದೂ ಅಲಂಕಾರಾನೇ."

ಖಾಲಿ ಎಂಬ ಮಾತು ಕೇಳಿ ನನಗೆ ಜೀವವೇ ಹೋದಂತಾಯಿತು. ಹೊರಗೆ ಗುಜರಿಯವನು ಕೂಗುತ್ತಿದ್ದ ಬೇರೆ.

"ಎಲ್ಲಾ ಸರಿ ಕಣೇ, ಹೂದಾನಿ ಎತ್ತಿದ್ರೆ ಅತ್ತಿಗೆ ಸುಮ್ನಿರ್ತಾರಾ? ಈ ಜನ್ಮದಲ್ಲಿ ನಮ್ಮನೆ ಹೊಸ್ತಿಲು ತುಳಿಯಲ್ಲ" ಅಂತ ಗಂಗಾಂಬಿಕೆ ಕಣ್ಣೀರು ಹಾಕಿದರು.

"ಅಪ್ಪ ನಡೀಬೇಕೋ, ಅತ್ತೆ ಹೂದಾನಿ ನಿಲ್ಬೇಕೋ? ನೀನೇ ಹೇಳು."

ಗಂಗಾಂಬಿಕೆ ಮೇಷ್ಟ್ರು ಮಲಗಿದ್ದ ರೂಮಿನ ಕಡೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಹೂದಾನಿಯ ಕತ್ತಿಗೆ ತಾವೇ ಕೈ ಹಾಕಿದರು. ಅದು ಹಿತ್ತಲು ಸೇರಿತು.

ಮಾರನೆಯ ದಿನ ನಾಲ್ಕು ಜನ ಸೇರಿ ನನ್ನನ್ನು ತಳ್ಳಿದರು. ಮುಗಿಯಿತು, ಇನ್ನು ಗುಜರಿಯೇ ಗತಿ ಅಂದುಕೊಂಡೆ. ಆದರೆ ನಿಲ್ಲಿಸಿದ್ದು ದಿವಾನದ ಜಾಗದಲ್ಲಿ, ರೂಮಿನ ಬಾಗಿಲ ಪಕ್ಕದ ಗೋಡೆಗೆ. ಗೋಡೆಗೆ ಮೊಳೆ ಹೊಡೆದು ಅಲುಗಾಡದಂತೆ ಬಿಗಿದರು. ದಿವಾನ ಕಿಟಕಿಯ ಕೆಳಗೆ ಹೋಯಿತು. ಕೃಪಾ ತುಕ್ಕು ಹಿಡಿದ ಚಿಲಕ ಬಡಿದು ತೆಗೆದಳು. ಅಬ್ಬಾ ಬೆಳಕೇ! ನೆಲದ ಕೆಂಪು ಬಣ್ಣ ನಾನು ಅವತ್ತೇ ನೋಡಿದ್ದು. ಇಷ್ಟು ವರ್ಷ ಇದಕ್ಕೆ ಬೆನ್ನು ಕೊಟ್ಟು ನಿಂತು ಜಂಬ ಪಟ್ಟೆನಲ್ಲ! ನನ್ನ ಗೂಡಿನಲ್ಲಿ ಉಳಿದದ್ದು ಮೇಷ್ಟ್ರ ವಿಷಲ್, ಒಂದು ಹಿತ್ತಾಳೆ ಚೊಂಬು, ಒಬ್ಬನೇ ಗಣಪತಿ. ಗೋಡೆಯಲ್ಲಿ ಒಂದೇ ಗಡಿಯಾರ. ನನ್ನ ಹಲಗೆ ಪೂರ್ತಿ ಖಾಲಿ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ಹಾಯೆನಿಸಿತು.

ಬೆಳಕು ಕಂಡು ಮೇಷ್ಟ್ರೇ ಎದ್ದರು. ಹಲಗೆಯ ಮೇಲೆ ಕೈ ಊರಿದರು. ಆ ಕೈ ಮದುಮಕ್ಕಳ ಕೈಗಿಂತ ಹೆಚ್ಚು ನಡುಗುತ್ತಿತ್ತು. ನಾನು ಅಲುಗಾಡಲಿಲ್ಲ. ಆಮೇಲೆ ದಿನಾ ಅದೇ ಕೆಲಸ. ನನ್ನ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಕಿಟಕಿಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಹೇಳದೆ ಕೇಳದೆ ಶಿವನಾಗಮ್ಮ ಬಂದುಬಿಟ್ಟರು. ಬಾಗಿಲಲ್ಲೇ ನಿಂತು ಹೂದಾನಿಯ ಜಾಗ ನೋಡಿದರು. ಗಂಗಾಂಬಿಕೆ ನೀರಿನ ಲೋಟ ಹಿಡಿದು ಓಡಿಬಂದರು.

"ಹೂದಾನಿ ಎಲ್ಲಮ್ಮಾ?"

"ಅತ್ತಿಗೆ, ಅದೂ... ಇವರು ನಡೆಯೋಕೆ ಅಡ್ಡ ಆಗ್ತಿತ್ತು. ತಪ್ಪು ತಿಳೀಬೇಡಿ, ಹಿತ್ತಲಲ್ಲಿ ಇಟ್ಟಿದೀನಿ..."

ಅಷ್ಟರಲ್ಲಿ ಮೇಷ್ಟ್ರು ರೂಮಿನಿಂದ ಬಂದರು. ವಾಕರ್ ಇಲ್ಲ. ನನ್ನ ಹಲಗೆ ಹಿಡಿದು, ಬಿಟ್ಟು, ತಮ್ಮ ಕಾಲ ಮೇಲೇ ನಡೆದು ಅಕ್ಕನ ಮುಂದೆ ಬಂದು ನಿಂತರು. ಶಿವನಾಗಮ್ಮ ತಮ್ಮನ ಕೆನ್ನೆ ಸವರಿ ಗಳಗಳ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಗಂಗಾಂಬಿಕೆಯ ಕಡೆ ತಿರುಗಿದರು.

"ಅಲ್ಲ ಕಣೇ, ಅದನ್ನ ಇಷ್ಟು ವರ್ಷ ಯಾಕೆ ಇಟ್ಕೊಂಡಿದ್ದೆ? ನನಗೆ ಯಾರೋ ಕೊಟ್ಟಿದ್ದು, ನಮ್ಮನೇಲಿ ಇಡೋಕೆ ಜಾಗ ಇಲ್ದೆ ನಿಮಗೆ ದಾಟಿಸಿದ್ದೆ! ಬಂದಾಗಲೆಲ್ಲ ನೋಡ್ತಿದ್ದೆ, ಇದಿನ್ನೂ ಒಡೆದಿಲ್ವಲ್ಲ ಅಂತ!"

ಗಂಗಾಂಬಿಕೆ ದಿವಾನದ ಮೇಲೆ ದೊಪ್ಪನೆ ಕೂತು ನಕ್ಕರು, ನಕ್ಕೂ ನಕ್ಕೂ ಅತ್ತರು. "ಹಾಗಾದ್ರೆ ಯಾರಿಗಾದ್ರೂ ದಾಟಿಸೋಣ ಬಿಡೇ" ಎಂದರು ಶಿವನಾಗಮ್ಮ. "ಬೇಡಿ ಅತ್ತಿಗೆ, ಇನ್ನೊಬ್ಬರ ದಾರಿಗೆ ಅಡ್ಡ ಆಗೋದು ಬೇಡ" ಎಂದರು ಗಂಗಾಂಬಿಕೆ.

ಈಗ ಆ ಹೂದಾನಿ ಕಿಟಕಿಯ ಹೊರಗಿದೆ. ಬಟ್ಟೆಯ ಹೂ ಕಿತ್ತು, ಮಣ್ಣು ತುಂಬಿ, ಮಲ್ಲಿಗೆ ಹಬ್ಬಿಸಿದ್ದಾರೆ. ನನಗೂ ವಯಸ್ಸಾಯಿತು. ಪಾಲಿಶ್ ಹೋಗಿದೆ, ಒಂದು ಗಾಜು ಬಿರುಕು ಬಿಟ್ಟಿದೆ. ಹಲಗೆ ಮಾತ್ರ ಕೈ ತಾಗಿ ತಾಗಿ ನುಣ್ಣಗಾಗಿದೆ. ಗೇಟು ಕಿರ್ರೆಂದರೆ ಗಂಗಾಂಬಿಕೆ ಈಗ ನನ್ನ ಹತ್ತಿರ ಓಡಿಬರುವುದಿಲ್ಲ. ಕೂತಲ್ಲಿಂದಲೇ ಕಿಟಕಿಯಲ್ಲಿ ನೋಡಿ, "ಬನ್ನಿ ಬನ್ನಿ" ಅನ್ನುತ್ತಾರೆ. ಎದ್ದು ಹೋಗಿ ಬಾಗಿಲು ತೆಗೆಯುವವರು ಮೇಷ್ಟ್ರು.